ದೂರದ ಹಸಿರು, ಹತ್ತಿರದ ನೆರಳು

ಬೆಂಗಳೂರಿನ ಪಶ್ಚಿಮದಲ್ಲಿ, ಮೈಸೂರು ರಸ್ತೆಯ ಗದ್ದಲದಿಂದ ತುಸು ಒಳಸರಿದು ನಿಂತಿರುವ ಜ್ಞಾನಭಾರತಿಯಲ್ಲಿ ಬೆಳಗಿನ ಸಂಚಾರವು ತರಗತಿಗಳು ತೆರೆಯುವುದಕ್ಕೆ ಬಹಳ ಮೊದಲೇ ಆರಂಭವಾಗುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ನಡೆಯುವವರು ವಿದ್ಯಾರ್ಥಿಗಳಲ್ಲ. ಕೆಂಗೇರಿ, ನಾಗರಭಾವಿ, ವಿಜಯನಗರ, ಬಸವೇಶ್ವರನಗರಗಳಿಂದ ಬಂದ ನಿವೃತ್ತ ಅಧ್ಯಾಪಕರು, ಬ್ಯಾಂಕಿನಲ್ಲಿ ದುಡಿದು ದಣಿದವರು, ಕಾರ್ಖಾನೆಗಳ ಇಂಜಿನಿಯರುಗಳು, ಮನೆಗೆಲಸದ ನಡುವೆ ಒಂದು ಗಳಿಗೆ ಬಿಡುವು ಮಾಡಿಕೊಂಡ ಗೃಹಿಣಿಯರು. ಮರಗಳ ನೆರಳಿನಲ್ಲಿ ಇಬ್ಬಿಬ್ಬರಾಗಿ, ಮೂವರು ಮೂವರಾಗಿ ಅವರು ಸಾಗುತ್ತಾರೆ. ಮಾತು ಸಕ್ಕರೆ ಕಾಯಿಲೆಯಿಂದ ಮೊದಲಾಗಿ, ತರಕಾರಿಯ ಬೆಲೆಗೆ ಹೊರಳಿ, ಕೊನೆಗೆ ಮಕ್ಕಳಲ್ಲಿಗೆ ಬಂದು ನಿಲ್ಲುತ್ತದೆ. ಮಕ್ಕಳೆಂದರೆ ಬಹುಮಟ್ಟಿಗೆ ಸಮುದ್ರದಾಚೆಯವರು.

ಇಂಗ್ಲೆಂಡಿನಲ್ಲಿ ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಕೆಲವು ತಿಂಗಳು ಇದ್ದು ಬಂದವರನ್ನು ಈ ಗುಂಪಿನಲ್ಲಿ ಗುರುತಿಸುವುದು ಕಷ್ಟವಲ್ಲ. ಲಂಡನ್ನಿನ ಗಡಿಯಾರದ ಗೋಪುರ, ಅರಮನೆಯ ಕಾವಲುಗಾರರು, ತೇಮ್ಸ್ ನದಿಯ ಸೇತುವೆ ಇವೆಲ್ಲ ಅವರ ಕೈಯ ಮೊಬೈಲಿನ ಚಿತ್ರಗಳಲ್ಲಿ ಇರುತ್ತವೆ, ಮಾತಿನಲ್ಲಿ ಇರುವುದಿಲ್ಲ. ಮಾತಿನಲ್ಲಿ ಬರುವುದು ಹಳ್ಳಿಗಾಡು. ಗಾರೆಯಿಲ್ಲದೆ ಬರಿಯ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ, ಅದರಾಚೆ ಮೇಯುವ ಕುರಿಗಳು, ಎರಡು ಹೊಲಗಳ ನಡುವೆ ನುಸುಳಿ ಹೋಗುವ ಕಾಲುದಾರಿ, ದನ ದಾಟಲಾರದಂತೆಯೂ ಮನುಷ್ಯ ದಾಟಬಲ್ಲಂತೆಯೂ ಕೂಡಿಸಿದ ಮರದ ಗೇಟು, ಬೇಸಗೆಯಲ್ಲಿ ರಾತ್ರಿ ಒಂಬತ್ತು ಗಂಟೆಯಾದರೂ ಮುಗಿಯದ ಸಂಜೆ. ಇವನ್ನು ಹೇಳುವಾಗ ಆ ಹಿರಿಯರ ನಡಿಗೆ ತಾನಾಗಿ ನಿಧಾನವಾಗುತ್ತದೆ. ಮಲೆನಾಡಿನವರಾಗಿದ್ದರೆ ಆ ಗೇಟನ್ನು ತಮ್ಮೂರಿನ ದಣಪೆಗೆ ಹೋಲಿಸುತ್ತಾರೆ. ಬಯಲುಸೀಮೆಯವರಾಗಿದ್ದರೆ ಆ ಹಸಿರಿಗೆ ಹೋಲಿಕೆ ಸಿಗದೆ ಸುಮ್ಮನಾಗುತ್ತಾರೆ.

ಸಾವಿರಾರು ಮೈಲಿ ದೂರದ ಹೊಲಗದ್ದೆಗಳ ಮೇಲೆ ಈ ಪ್ರೀತಿ ಏಕೆ? ಇದು ಇಂದು ನಿನ್ನೆಯ ಮಾತಲ್ಲ. ವಿಚಿತ್ರವೆಂದರೆ, ಇದರ ಕಥೆಯ ಎಳೆಗಳು ಅನೇಕ ಕಡೆ ಇದೇ ಜ್ಞಾನಭಾರತಿಯ ನೆಲಕ್ಕೆ ಬಂದು ಸೇರುತ್ತವೆ.

ಕವಿಯ ಚತುರ್ಮಾಸ

ಈ ಆವರಣದಲ್ಲಿ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದ ಡಾ. ಜಿ. ಎಸ್. ಶಿವರುದ್ರಪ್ಪನವರು ತಮ್ಮ ಪ್ರವಾಸ ಕಥನವೊಂದಕ್ಕೆ ‘ಇಂಗ್ಲೆಂಡಿನಲ್ಲಿ ಚತುರ್ಮಾಸ’ ಎಂದು ಹೆಸರಿಟ್ಟರು. ಹೆಸರಿನಲ್ಲಿಯೇ ಒಂದು ಮುಗುಳ್ನಗೆ ಇದೆ. ಮಳೆಗಾಲದ ನಾಲ್ಕು ತಿಂಗಳು ಯತಿಗಳು ಊರೂರು ಅಲೆಯದೆ ಒಂದೆಡೆ ನೆಲೆನಿಲ್ಲುವುದು ಈ ದೇಶದ ಹಳೆಯ ಸಂಪ್ರದಾಯ. ಮಳೆಯಲ್ಲಿ ಕಾಲಿಟ್ಟಲ್ಲೆಲ್ಲ ಹೊಸ ಜೀವ ಹುಟ್ಟಿರುತ್ತದೆ. ಅದನ್ನು ತುಳಿಯಬಾರದು ಎಂಬ ಕರುಣೆ ಅದರ ಹಿಂದಿದೆ. ಯಾವ ತಿಂಗಳಲ್ಲಿ ಹೋದರೂ ಮಳೆ ತಪ್ಪದ ಆ ದ್ವೀಪಕ್ಕೆ ಇದಕ್ಕಿಂತ ಒಪ್ಪುವ ಮಾತು ಸಿಕ್ಕುವುದು ಕಷ್ಟ. ವಾರದಲ್ಲಿ ಏಳು ದೇಶ ನೋಡಿ ಬರುವವನ ಕಣ್ಣಿಗೂ, ಒಂದೆಡೆ ಕುಳಿತು ಒಂದು ಋತು ಇನ್ನೊಂದಾಗುವುದನ್ನು ಕಾಣುವವನ ಕಣ್ಣಿಗೂ ಇರುವ ಅಂತರವನ್ನು ಆ ಒಂದು ಪದ ಹೇಳಿಬಿಡುತ್ತದೆ. ಇಂದು ಮಕ್ಕಳ ಮನೆಗೆ ಹೋಗಿಬರುವ ತಂದೆತಾಯಿಗಳೂ ಒಂದು ಬಗೆಯ ಚತುರ್ಮಾಸವನ್ನೇ ಮಾಡುತ್ತಾರೆ. ಸಂದರ್ಶಕರಾಗಿ ಹೋದವರಿಗೆ ಅಲ್ಲಿಯ ಸರ್ಕಾರ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಗೊಡುತ್ತದೆ. ಮಗ ಸೊಸೆ ಕೆಲಸಕ್ಕೆ, ಮೊಮ್ಮಗು ಶಾಲೆಗೆ ಹೋದ ಮೇಲೆ ಉಳಿಯುವುದು ಮನೆಯ ಹಿಂದಿನ ಕಾಲುದಾರಿಯೊಂದೇ.

ಶಿವರುದ್ರಪ್ಪನವರ ವಿಷಯದಲ್ಲಿ ನೆನೆಯತಕ್ಕ ಇನ್ನೊಂದು ಸಂಗತಿ ಇದೆ. ೧೯೨೬ರಲ್ಲಿ ಅವರು ಹುಟ್ಟಿದ್ದು ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ. ೧೯೪೨ರ ಚಳವಳಿಯಲ್ಲಿ ಬ್ರಿಟಿಷ್ ಪ್ರಭುತ್ವವನ್ನು ಧಿಕ್ಕರಿಸಿ ತಾನು ಸ್ವತಂತ್ರವೆಂದು ಸಾರಿಕೊಂಡ ಹಳ್ಳಿ ಅದು. ಆ ಸಾಹಸಕ್ಕಾಗಿ ೧೯೪೩ರಲ್ಲಿ ಅದರ ಐವರು ಮಕ್ಕಳು ಗಲ್ಲಿಗೇರಿದರು. ಅಂಥ ಊರಿನಲ್ಲಿ ಹುಟ್ಟಿದವರು ಇಂಗ್ಲೆಂಡಿನಲ್ಲಿ ಕಳೆದ ದಿನಗಳನ್ನು ಒಂದು ವ್ರತದ ಹೆಸರಿನಿಂದ ಕರೆದರು. ಆಳಿದವರ ಮೇಲಿನ ಸಿಟ್ಟನ್ನು ಅವರ ನೆಲದ ಮೇಲೆ, ಮರದ ಮೇಲೆ, ಮಳೆಯ ಮೇಲೆ ತೀರಿಸಿಕೊಳ್ಳಬೇಕಾಗಿಲ್ಲ ಎಂಬ ಔದಾರ್ಯ ಕನ್ನಡ ಮನಸ್ಸಿಗೆ ಹಿಂದಿನಿಂದಲೂ ಇತ್ತು.

ಕಾಣುವ ಮೊದಲೇ ಕಂಡದ್ದು

ಕನ್ನಡಿಗರು ಇಂಗ್ಲೆಂಡಿನ ಹಳ್ಳಿಗಾಡನ್ನು ಕಣ್ಣಿನಿಂದ ಕಾಣುವ ಮೊದಲು ಕಿವಿಯಿಂದ ಕಂಡರು. ೧೯೨೬ರಲ್ಲಿ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಪುಸ್ತಕವಾಗಿ ಬಂದಾಗ, ಹದಿನಾರನೆಯ ಶತಮಾನದ ಥಾಮಸ್ ನ್ಯಾಶ್ ಎಂಬಾತ ಬರೆದ ವಸಂತದ ಹಾಡೊಂದು ಕನ್ನಡದ ಹಾಡಾಯಿತು. ಅದನ್ನು ಶಾಲೆಯಲ್ಲಿ ಕಲಿತ ಮಕ್ಕಳಲ್ಲಿ ಎಷ್ಟೋ ಮಂದಿಗೆ ಅದು ಮೂಲದಲ್ಲಿ ಆಂಗ್ಲ ವಸಂತವೆಂದು ಗೊತ್ತೇ ಇರಲಿಲ್ಲ. ಅವರ ಪಾಲಿಗೆ ಅದು ತಮ್ಮ ಊರಿನ ಮಾವು ಚಿಗುರುವ ಕಾಲವೇ ಆಗಿತ್ತು. ಹಿರಿಯ ತರಗತಿಗಳಿಗೆ ಬಂದಾಗ ಅದೇ ಮಕ್ಕಳು ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಪದ್ಯವನ್ನು ಬಾಯಿಪಾಠ ಮಾಡಿದರು. ಆ ಹೂವನ್ನು ಕಾಣದ ವಿದ್ಯಾರ್ಥಿ, ಕಾಣದ ಅಧ್ಯಾಪಕ. ಬಣ್ಣ ಹಳದಿ ಎಂದಷ್ಟೇ ತಿಳಿದದ್ದು. ಆದರೂ ಅರವತ್ತು ದಾಟಿದ ಮೇಲೆ ಒಂದು ಮಾರ್ಚ್ ತಿಂಗಳಲ್ಲಿ ಮಗಳ ಊರಿನ ರಸ್ತೆಯಂಚಿನಲ್ಲಿ ಆ ಹೂಗಳನ್ನು ಮೊದಲ ಬಾರಿ ಕಂಡವರು, ಹಳೆಯ ಸಹಪಾಠಿಯನ್ನು ಕಂಡವರಂತೆ ನಿಂತುಬಿಡುವುದುಂಟು.

ಆ ಪದ್ಯ ಹುಟ್ಟಿದ ಬಗೆ ಇಲ್ಲಿ ನೆನಪಿಡಬೇಕಾದದ್ದು. ೧೮೦೨ರ ಏಪ್ರಿಲ್ ೧೫ರಂದು, ವಾಯವ್ಯ ಇಂಗ್ಲೆಂಡಿನ ಸರೋವರ ಪ್ರಾಂತದ ಅಲ್ಸ್‌ವಾಟರ್ ಕೆರೆಯ ದಡದಲ್ಲಿ ವರ್ಡ್ಸ್‌ವರ್ತ್ ಆ ಹೂಗಳನ್ನು ಕಂಡದ್ದು. ಕವಿತೆ ಬರೆದದ್ದು ಕಂಡ ದಿನವಲ್ಲ. ಎರಡು ವರ್ಷ ಕಳೆದು, ೧೮೦೪ರಲ್ಲಿ. ಅಚ್ಚಾದದ್ದು ೧೮೦೭ರಲ್ಲಿ. ಎಂದರೆ ಇಂಗ್ಲೆಂಡಿನ ಹಳ್ಳಿಗಾಡಿನ ಅತ್ಯಂತ ಪ್ರಸಿದ್ಧ ಚಿತ್ರವೇ ದೂರದಿಂದ ನೆನೆದು ಬರೆದದ್ದು. ಇನ್ನೂ ಒಂದು ಮಾತು: ಕವಿತೆಯಲ್ಲಿ ಕವಿ ಒಂಟಿಯಾಗಿ ಅಲೆಯುತ್ತಾನೆ. ಆ ದಿನ ಅವನು ಒಂಟಿಯಾಗಿರಲಿಲ್ಲ. ತಂಗಿ ಡೊರೊಥಿ ಪಕ್ಕದಲ್ಲಿಯೇ ಇದ್ದಳು. ಬೀಸುತ್ತಿದ್ದ ಬಿರುಗಾಳಿಯನ್ನೂ ಕೆರೆಯ ಅಲೆಗಳನ್ನೂ ಹೂಗಳ ಸಾಲನ್ನೂ ತನ್ನ ದಿನಚರಿಯಲ್ಲಿ ಬರೆದಿಟ್ಟವಳು ಅವಳೇ. ದಿನಚರಿ ಉಳಿದಿರದಿದ್ದರೆ ಆ ಸಂಜೆ ನಡೆದವರು ಇಬ್ಬರೆಂದು ಲೋಕಕ್ಕೆ ತಿಳಿಯುತ್ತಿರಲಿಲ್ಲ. ದೂರದ ನೆನಪು ಹಸಿರನ್ನು ಉಳಿಸಿಕೊಳ್ಳುತ್ತದೆ. ಜೊತೆಗಿದ್ದವರನ್ನು ಕೆಲವೊಮ್ಮೆ ಬಿಟ್ಟುಬಿಡುತ್ತದೆ.

ಹಡಗಿನ ಕಾಲ

ಇಂಗ್ಲೆಂಡಿಗೆ ಹೋಗಿ ಅದನ್ನು ಕನ್ನಡಕ್ಕೆ ತಂದವರಲ್ಲಿ ವಿನಾಯಕ ಕೃಷ್ಣ ಗೋಕಾಕರಿಗೆ ವಿಶೇಷ ಸ್ಥಾನವಿದೆ. ಸವಣೂರಿನಲ್ಲಿ ೧೯೦೯ರಲ್ಲಿ ಜನಿಸಿದ ಅವರು ೧೯೩೬ರಲ್ಲಿ ಆಕ್ಸ್‌ಫರ್ಡಿಗೆ ಹೊರಟಾಗ ಪ್ರಯಾಣ ಹಡಗಿನದು. ದಿನಗಟ್ಟಲೆ ನೀರು ಬಾನುಗಳ ನಡುವೆ ಸಾಗಿದ ಆ ಪಯಣವೇ ‘ಸಮುದ್ರಗೀತೆಗಳು’ ಸಂಕಲನವನ್ನು ಕೊಟ್ಟಿತು. ಅಲ್ಲಿಯ ಅನುಭವಗಳು ‘ಸಮುದ್ರದಾಚೆಯಿಂದ’ ಎಂಬ ಗದ್ಯಕೃತಿಯಾಗಿ ಕನ್ನಡದ ಮನೆಗಳಿಗೆ ಬಂದುವು. ಇಂದು ಮಗಳು ಹೊಲದ ನಡುವೆ ನಿಂತು ಮೊಬೈಲನ್ನು ಸುತ್ತ ತಿರುಗಿಸಿದರೆ ಕೆಂಗೇರಿಯಲ್ಲಿ ಕುಳಿತ ತಾಯಿ ಅದೇ ಕ್ಷಣದಲ್ಲಿ ಆ ಕುರಿಗಳನ್ನು ಕಾಣುತ್ತಾಳೆ. ಆಗ ಹಾಗಿರಲಿಲ್ಲ. ಕಂಡದ್ದನ್ನು ಮಾತಾಗಿಸಬೇಕಾಗಿತ್ತು, ಮಾತಾಗಿಸಲು ಮತ್ತೆ ಮತ್ತೆ ನೆನೆಯಬೇಕಾಗಿತ್ತು. ೧೯೩೮ರಲ್ಲಿ ಪ್ರಥಮ ದರ್ಜೆಯ ಪದವಿಯೊಂದಿಗೆ ಹಿಂದಿರುಗಿದ ಗೋಕಾಕರು ಮುಂದೆ ೧೯೬೬ರಿಂದ ೧೯೬೯ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ೧೯೬೪ರಲ್ಲಷ್ಟೇ ಹುಟ್ಟಿದ್ದ ವಿಶ್ವವಿದ್ಯಾನಿಲಯವು ಆಗಿನ್ನೂ ಜ್ಞಾನಭಾರತಿಗೆ ಬಂದಿರಲಿಲ್ಲ.

ಆಕ್ಸ್‌ಫರ್ಡ್ ಎಂದರೆ ಗೋಪುರಗಳ ನಗರವೆಂದೇ ಎಲ್ಲರ ಕಲ್ಪನೆ. ಆದರೆ ಅದರ ಅಂಚಿನಲ್ಲಿಯೇ, ತೇಮ್ಸ್ ನದಿಯ ದಡದಲ್ಲಿ, ‘ಪೋರ್ಟ್ ಮೆಡೋ’ ಎಂಬ ವಿಶಾಲ ಹುಲ್ಲುಗಾವಲು ಇದೆ. ೧೦೮೬ರ ಡೂಮ್ಸ್‌ಡೇ ದಫ್ತರಿನಲ್ಲಿಯೇ ಅದರ ಉಲ್ಲೇಖವುಂಟು. ನೇಗಿಲು ತಾಕದ ನೆಲವೆಂದು ಅದರ ಖ್ಯಾತಿ. ಊರಿನ ಹಕ್ಕುದಾರರ ದನಗಳೂ ಕುದುರೆಗಳೂ ಇಂದಿಗೂ ಅಲ್ಲಿ ಮೇಯುತ್ತವೆ. ಹಳೆಯ ಮೈಸೂರಿನವರಿಗೆ ಇದನ್ನು ವಿವರಿಸಲು ಬಹಳ ಮಾತು ಬೇಡ; ಅದು ಆಕ್ಸ್‌ಫರ್ಡಿನ ಗೋಮಾಳ. ಅಲ್ಲಿ ಅದು ಉಳಿಯಿತು. ಇಲ್ಲಿ ಬೆಂಗಳೂರಿನ ಸುತ್ತಣ ಹಳ್ಳಿಗಳ ಗೋಮಾಳಗಳೂ ಗುಂಡುತೋಪುಗಳೂ ಬಹುಮಟ್ಟಿಗೆ ಬಡಾವಣೆಗಳಾದುವು.

ಬೇಲಿಯ ಹಿಂದಿನ ಕಥೆ

ಹಾಗೆಂದು ಆ ನಾಡಿನಲ್ಲಿ ಎಲ್ಲ ಗೋಮಾಳಗಳೂ ಉಳಿದುವೆಂದು ತಿಳಿಯಬಾರದು. ಪ್ರವಾಸಿಗಳು ಬಣ್ಣಿಸಿ ದಣಿಯದ ಆ ಹಸಿರು ಬೇಲಿಗಳಿಗೆ ಒಂದು ಕಹಿಯಾದ ಚರಿತ್ರೆಯಿದೆ. ಹಿಂದೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಡವನು ಹಸು ಮೇಯಿಸಲು, ಸೌದೆ ಆಯಲು ಹಕ್ಕಿದ್ದ ಸಾಮುದಾಯಿಕ ಭೂಮಿ ಹೇರಳವಾಗಿತ್ತು. ೧೬೦೪ರಿಂದ ೧೯೧೪ರವರೆಗೆ ಪಾರ್ಲಿಮೆಂಟು ೫,೨೦೦ಕ್ಕೂ ಹೆಚ್ಚು ಕಾಯಿದೆಗಳನ್ನು ಮಾಡಿ ಸುಮಾರು ೬೮ ಲಕ್ಷ ಎಕರೆಯಷ್ಟು ಅಂಥ ನೆಲಕ್ಕೆ ಬೇಲಿ ಹಾಕಿಸಿತು. ಇಂದು ನೋಟಕ್ಕೆ ರೇಷ್ಮೆಯ ಅಂಚಿನಂತಿರುವ ಬೇಲಿಸಾಲುಗಳಲ್ಲಿ ಎಷ್ಟೋ ಆ ದಿನಗಳವು. ನಾರ್ಥಾಂಪ್ಟನ್ ಸೀಮೆಯ ಹೆಲ್ಪ್‌ಸ್ಟನ್ ಎಂಬ ಹಳ್ಳಿಯಲ್ಲಿ ಕೂಲಿ ಮಾಡುತ್ತಿದ್ದ ಕವಿ ಜಾನ್ ಕ್ಲೇರ್ ತಾನು ಬಾಲ್ಯದಲ್ಲಿ ಅಲೆದ ಬಯಲಿಗೆ ಬೇಲಿ ಬಿದ್ದುದನ್ನು ಕಂಡು ಜೀವನವೆಲ್ಲ ಕೊರಗಿದನು. ಪ್ರವಾಸಿಯ ಕಣ್ಣಿಗೆ ಅಂದವಾದದ್ದು ಹಳ್ಳಿಗನ ಕಣ್ಣಿಗೆ ಅಗಲಿಕೆಯ ಗುರುತಾಗಿತ್ತು.

ಆದರೆ ಅಲ್ಲಿಯ ಜನ ಕೊರಗಿ ಸುಮ್ಮನಾಗಲಿಲ್ಲ. ೧೮೯೫ರಲ್ಲಿ ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್, ಹಾರ್ಡ್‌ವಿಕ್ ರಾನ್ಸ್‌ಲಿ ಎಂಬ ಮೂವರು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿದರು; ಸೊಗಸಾದ ನೆಲವನ್ನು ಜನರ ಹೆಸರಿನಲ್ಲಿ ಕೊಂಡು ಕಾಪಾಡುವುದು ಅದರ ಕೆಲಸ. ಮಕ್ಕಳಿಗಾಗಿ ಮೊಲದ ಕಥೆಗಳನ್ನು ಬರೆದು ಚಿತ್ರಿಸಿದ ಬಿಯಾಟ್ರಿಕ್ಸ್ ಪಾಟರ್ ತನ್ನ ಪುಸ್ತಕಗಳ ಹಣದಿಂದ ಸರೋವರ ಪ್ರಾಂತದಲ್ಲಿ ಹೊಲಮನೆಗಳನ್ನು ಕೊಳ್ಳುತ್ತ ಹೋಗಿ, ೧೯೪೩ರಲ್ಲಿ ತೀರಿಕೊಂಡಾಗ ಸುಮಾರು ೪,೦೦೦ ಎಕರೆಯನ್ನು ಆ ಸಂಸ್ಥೆಗೆ ಬಿಟ್ಟುಹೋದಳು. ೧೯೩೨ರ ಏಪ್ರಿಲ್ ೨೪ರಂದು ಮ್ಯಾಂಚೆಸ್ಟರ್ ಮೊದಲಾದ ಊರುಗಳ ಕಾರ್ಮಿಕ ತರುಣರು ನೂರಾರು ಸಂಖ್ಯೆಯಲ್ಲಿ ‘ಕಿಂಡರ್ ಸ್ಕೌಟ್’ ಎಂಬ ಬೆಟ್ಟವನ್ನು ಏರಿದರು. ಶ್ರೀಮಂತರು ಬೇಟೆಗಾಗಿ ಕಾದಿರಿಸಿಕೊಂಡಿದ್ದ ಬೆಟ್ಟ ಅದು. ವಾರಕ್ಕೊಂದು ದಿನ ಗಿರಣಿಯ ಹೊಗೆಯಿಂದ ಹೊರಬಂದು ಬೆಟ್ಟದ ಗಾಳಿ ಕುಡಿಯುವ ಹಕ್ಕು ತಮಗಿದೆ ಎಂಬುದು ಅವರ ವಾದ. ಅವರಲ್ಲಿ ಐವರು ಸೆರೆಮನೆಗೆ ಹೋದರು. ೧೯೪೯ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂದಿತು. ೧೯೫೧ರಲ್ಲಿ ಮೊದಲ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾದ ಪೀಕ್ ಪ್ರಾಂತದಲ್ಲಿ ಆ ಬೆಟ್ಟವೂ ಸೇರಿತು. ಅದೇ ವರ್ಷ ವರ್ಡ್ಸ್‌ವರ್ತನ ಸರೋವರ ಪ್ರಾಂತವೂ ಆ ಪಟ್ಟಿಗೆ ಬಂದಿತು.

ಬೆಂಗಳೂರಿನ ಹಿರಿಯರು ಮೆಚ್ಚಿ ಮಾತಾಡುವ ಆ ಕಾಲುದಾರಿ ಹೀಗೆ ಹೋರಾಡಿ ಪಡೆದದ್ದು, ಕಾಯಿದೆಯ ಬಲದಿಂದ ಉಳಿದದ್ದು. ಇಂಗ್ಲೆಂಡು ವೇಲ್ಸುಗಳಲ್ಲಿ ಸಾರ್ವಜನಿಕರು ನಡೆಯುವ ಹಕ್ಕಿರುವ ಇಂಥ ಹಾದಿಗಳು ಸುಮಾರು ೨,೨೫,೦೦೦ ಕಿಲೋಮೀಟರಿನಷ್ಟಿವೆ. ಹೊಲ ಒಬ್ಬನದು, ಅದರ ನಡುವಣ ದಾರಿ ಎಲ್ಲರದು. ರೈತ ಅದನ್ನು ಉತ್ತು ಅಳಿಸುವಂತಿಲ್ಲ, ನಡೆಯುವವನು ಅದನ್ನು ಬಿಟ್ಟು ಪೈರನ್ನು ತುಳಿಯುವಂತಿಲ್ಲ. ಆ ಹಸಿರಿನ ಗುಟ್ಟು ಮಳೆಯಲ್ಲಿ ಅರ್ಧ, ಈ ಒಪ್ಪಂದದಲ್ಲಿ ಅರ್ಧ.

ಇಲ್ಲಿಯೂ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಆ ನಾಡಿನ ನದಿಗಳಲ್ಲಿ ಪರಿಸರದ ದೃಷ್ಟಿಯಿಂದ ಉತ್ತಮ ಸ್ಥಿತಿಯಲ್ಲಿರುವವು ಶೇಕಡಾ ೧೪ ಮಾತ್ರವೆಂದು ೨೦೨೨ರಲ್ಲಿ ಅಲ್ಲಿಯ ಪಾರ್ಲಿಮೆಂಟಿನ ಸಮಿತಿಯೇ ವರದಿ ಮಾಡಿತು. ಹೊಲಗಳ ಗೊಬ್ಬರ, ಊರುಗಳ ಚರಂಡಿ ಎರಡೂ ನೀರಿಗಿಳಿಯುತ್ತಿವೆ. ಸೇತುವೆಯ ಮೇಲೆ ನಿಂತು ಚಿತ್ರ ತೆಗೆದುಕೊಂಡವರ ನೆನಪಿನಲ್ಲಿ ಈ ಕೊಳೆಗೆ ಜಾಗವಿರುವುದಿಲ್ಲ.

ಅಲ್ಲಿಂದ ಕಂಡ ಇಲ್ಲಿ

ದೂರದ ನೆನಪು ಒಂದೇ ದಿಕ್ಕಿನಲ್ಲಿ ನೋಡುವುದಿಲ್ಲ. ಇಲ್ಲಿಂದ ಇಂಗ್ಲೆಂಡನ್ನು ನೆನೆದವರು ಇರುವಂತೆ, ಇಂಗ್ಲೆಂಡಿನಲ್ಲಿ ಕುಳಿತು ಕನ್ನಡದ ಹಳ್ಳಿಯನ್ನು ಕಂಡವರೂ ಇದ್ದಾರೆ. ಯು. ಆರ್. ಅನಂತಮೂರ್ತಿಯವರು ೧೯೬೩ರಿಂದ ೧೯೬೬ರವರೆಗೆ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದರು. ತಮ್ಮ ಗುರುಗಳಾದ ಮಾಲ್ಕಮ್ ಬ್ರ್ಯಾಡ್‌ಬರಿಯವರೊಂದಿಗೆ ಅಲ್ಲಿ ಬರ್ಗ್‌ಮನ್ನರ ‘ಸೆವೆಂತ್ ಸೀಲ್’ ಎಂಬ ಸ್ವೀಡಿಷ್ ಚಲನಚಿತ್ರವನ್ನು ಕಂಡದ್ದು ಹಳೆಯ ನೆನಪುಗಳನ್ನು ಕೆದಕಿತೆಂದು ಅವರೇ ಹೇಳಿಕೊಂಡಿದ್ದಾರೆ. ಕಾರ್ಖಾನೆಗಳ ಆ ನಗರದ ಚಳಿಯಲ್ಲಿ ಕುಳಿತು ಅವರು ಬರೆದದ್ದು ಇಂಗ್ಲೆಂಡನ್ನಲ್ಲ. ಮಲೆನಾಡಿನ ಒಂದು ಅಗ್ರಹಾರವನ್ನು. ‘ಸಂಸ್ಕಾರ’ ೧೯೬೫ರಲ್ಲಿ ಪ್ರಕಟವಾಯಿತು. ತುಂಗೆಯ ದಡದಲ್ಲಿಯೇ ಇದ್ದಿದ್ದರೆ ಅದು ಅಷ್ಟು ನಿಚ್ಚಳವಾಗಿ ಕಾಣುತ್ತಿತ್ತೋ ಇಲ್ಲವೋ!

ಮೈಸೂರಿನ ಎಂ. ಎನ್. ಶ್ರೀನಿವಾಸರ ಕಥೆ ಇನ್ನೂ ಆಶ್ಚರ್ಯಕರವಾದದ್ದು. ಆಕ್ಸ್‌ಫರ್ಡಿನಲ್ಲಿ ಸಮಾಜಶಾಸ್ತ್ರದ ದೀಕ್ಷೆ ಪಡೆದ ಅವರು ೧೯೪೮ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಅದಕ್ಕೆ ರಾಂಪುರವೆಂಬ ಹೆಸರನ್ನು ಕೊಟ್ಟು, ಅಲ್ಲಿಯ ಬದುಕನ್ನು ಗುರುತು ಹಾಕಿಕೊಂಡರು. ಇಪ್ಪತ್ತೆರಡು ವರ್ಷಗಳ ತರುವಾಯ, ೧೯೭೦ರ ಏಪ್ರಿಲ್ ೨೪ರಂದು, ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ಸಂಸ್ಕರಿಸಿ ಇಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಆಹುತಿಯಾದುವು. ಬೇರೆಯವರಾಗಿದ್ದರೆ ಲೇಖನಿಯನ್ನು ಕೆಳಗಿಡುತ್ತಿದ್ದರು. ಶ್ರೀನಿವಾಸರು ನೆನಪಿನಿಂದ ಬರೆದರು. ೧೯೭೬ರಲ್ಲಿ ಬಂದ ಆ ಗ್ರಂಥದ ಹೆಸರಿಗೆ ‘ನೆನಪಿನ ಹಳ್ಳಿ’ ಎಂದೇ ಅರ್ಥ. ಅದು ಹೊರಬಂದಾಗ ಅವರು, ವಿ. ಕೆ. ಆರ್. ವಿ. ರಾವ್ ಅವರೊಂದಿಗೆ ತಾವು ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಜ್ಞಾನಭಾರತಿಗೆ ನೆರೆಯಾಗಿ ನಾಗರಭಾವಿಯಲ್ಲಿ ಇಂದು ಕಾಣುವುದು ಅದೇ ಸಂಸ್ಥೆ.

ಇಂಗ್ಲೆಂಡಿನ ಕಾಲುದಾರಿಗಳನ್ನು ತುಳಿದು ಬಂದ ಈ ಹಿರಿಯರಲ್ಲಿ ಇಬ್ಬರ ಕೊನೆಯ ಪಯಣವೂ ಈ ಪರಿಸರಕ್ಕೇ ಬಂದಿತು. ಶಿವರುದ್ರಪ್ಪನವರು ೨೦೧೩ರ ಡಿಸೆಂಬರ್ ೨೩ರಂದು, ಅನಂತಮೂರ್ತಿಯವರು ೨೦೧೪ರ ಆಗಸ್ಟ್ ೨೨ರಂದು ತೀರಿಕೊಂಡಾಗ, ಇಬ್ಬರ ಅಂತ್ಯಕ್ರಿಯೆಯೂ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ನಡೆಯಿತು. ಬೆಳಗಿನ ನಡಿಗೆಯವರಿಗೆ ಅದು ಕೂಗಳತೆಯ ಜಾಗ.

ಕಾಲಡಿಯ ಹಾದಿ

೧೯೭೩ರಲ್ಲಿ ವಿಶ್ವವಿದ್ಯಾನಿಲಯವು ಸುಮಾರು ೧,೧೦೦ ಎಕರೆಯ ಈ ಆವರಣಕ್ಕೆ ಬಂದಾಗ ನಗರ ಇನ್ನೂ ದೂರವಿತ್ತು. ಈಗ ನಗರವೇ ಇದನ್ನು ಸುತ್ತುವರಿದು ಮುಂದೆ ಹೋಗಿದೆ. ೨೦೨೧ರ ಆಗಸ್ಟಿನಿಂದ ಜ್ಞಾನಭಾರತಿಯ ಹೆಸರಿನ ಮೆಟ್ರೋ ನಿಲ್ದಾಣವೂ ಮೈಸೂರು ರಸ್ತೆಯ ಮೇಲೆ ನಿಂತಿದೆ. ನೆಟ್ಟು ಬೆಳೆಸಿದ ಮರಗಳೂ ಜೈವಿಕ ಉದ್ಯಾನವೂ ಇಲ್ಲಿ ಇನ್ನೂ ನೆರಳು ಕೊಡುತ್ತಿವೆ. ಆದರೆ ಆಚೆಗೆ ಹರಿಯುವ ವೃಷಭಾವತಿಯನ್ನು ಯಾವ ತಾಯಿಯೂ ಮೊಬೈಲಿನಲ್ಲಿ ಹಿಡಿದು ಮಗಳಿಗೆ ತೋರಿಸುವುದಿಲ್ಲ. ಬಸವನಗುಡಿಯ ದೊಡ್ಡ ಬಸವನ ಪಾದದ ಬಳಿ ಹುಟ್ಟಿತೆಂಬ ಐತಿಹ್ಯವುಳ್ಳ ಆ ಹೊಳೆ ಇಂದು ನಗರದ ಕೊಳಚೆಯನ್ನು ಹೊತ್ತು ಕೆಂಗೇರಿಯನ್ನು ದಾಟಿ ಅರ್ಕಾವತಿಯನ್ನು ಸೇರುತ್ತದೆ. ತೇಮ್ಸ್ ನದಿಯನ್ನೂ ೧೯೫೭ರಲ್ಲಿ ಸತ್ತ ನದಿಯೆಂದು ತಜ್ಞರು ಸಾರಿದ್ದರು. ಚರಂಡಿಯ ನೀರನ್ನು ಶುದ್ಧಿಮಾಡುವ ವ್ಯವಸ್ಥೆ ಸುಧಾರಿಸಿದ ಮೇಲೆ ಅದರಲ್ಲಿ ಮೀನುಗಳು ಮತ್ತೆ ಕಾಣಿಸಿಕೊಂಡುವು. ಎಂದರೆ ಹೊಳೆ ಸಾಯುವುದೂ ಬದುಕುವುದೂ ವಿಧಿಯ ಕೈಯಲ್ಲಿಲ್ಲ.

ನಡೆಯುವ ಹಕ್ಕಿನ ಮಾತು ಇಲ್ಲಿಯೂ ಒಮ್ಮೆ ಎದ್ದಿತು. ಆವರಣದ ರಸ್ತೆಗಳು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗುವ ವಾಹನಗಳಿಗೆ ಒಳದಾರಿಯಾಗಿದ್ದುವು. ೨೦೨೨ರ ಅಕ್ಟೋಬರಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಆವರಣದೊಳಗೆ ಬಸ್ಸಿನಡಿ ಸಿಕ್ಕಿದಾಗ, ಹೊರಗಿನ ವಾಹನಗಳ ಸಂಚಾರ ನಿಲ್ಲಬೇಕೆಂದು ಅವಳ ಸಹಪಾಠಿಗಳು ಪ್ರತಿಭಟಿಸಿದರು. ಕಿಂಡರ್ ಸ್ಕೌಟ್ ಬೆಟ್ಟವನ್ನು ಏರಿದ ತರುಣರು ಕೇಳಿದ್ದೂ ಇಷ್ಟೇ: ನಿರ್ಭಯವಾಗಿ ನಡೆಯಲು ಒಂದು ಹಾದಿ. ಇಂಗ್ಲೆಂಡಿನ ಕಾಲುದಾರಿಯನ್ನು ಮನಸಾರೆ ಹೊಗಳುವ ಹಿರಿಯರು ಈ ಮಕ್ಕಳ ಬೇಡಿಕೆಗೆ ತಮ್ಮ ದನಿಯನ್ನು ಕೂಡಿಸಿದರೆ, ದೂರ ಹೋಗಿ ಕಂಡದ್ದಕ್ಕೆ ಸಾರ್ಥಕ್ಯ ಬರುತ್ತದೆ.

ಇನ್ನು ಆ ಹೊಗಳಿಕೆಯೊಳಗೆ ಅಡಗಿರುವ ಒಂದು ಮಾತು ಉಳಿದಿದೆ. ಕುರಿ, ಕಲ್ಲುಗೋಡೆ, ಮರದ ಗೇಟು ಇವನ್ನೆಲ್ಲ ಬಣ್ಣಿಸುವ ಅಜ್ಜ, ಆ ಗೇಟನ್ನು ಯಾರು ತೆರೆದರು ಎಂಬುದನ್ನು ಹೇಳುವುದಿಲ್ಲ. ಕೆದಕಿ ಕೇಳಿದರೆ ತಿಳಿಯುತ್ತದೆ: ಮೊಮ್ಮಗಳು. ಶಾಲೆ ಬಿಟ್ಟ ಮೇಲೆ ಅಜ್ಜನ ಕೈ ಹಿಡಿದು ಆ ಹೊಲದ ದಾರಿಯಲ್ಲಿ ಮನೆಗೆ ಕರೆತರುತ್ತಿದ್ದವಳು. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಹೂಗಳ ಹೆಸರನ್ನು ಕಲಿಸಿದವಳು. ಅಜ್ಜನಿಗೆ ಮರೆಯಲಾಗದೆ ಉಳಿದದ್ದು ಹಸಿರೋ, ಹಿಡಿದ ಆ ಪುಟ್ಟ ಕೈಯೋ? ವರ್ಡ್ಸ್‌ವರ್ತನ ಕವಿತೆಯಲ್ಲಿ ತಂಗಿ ಕಾಣೆಯಾದಂತೆ ಇಲ್ಲಿ ಮೊಮ್ಮಗಳು ಕಾಣೆಯಾಗಿದ್ದಾಳೆ. ಅವಳ ಹೆಸರನ್ನೆತ್ತಿದರೆ ಗಂಟಲು ಕಟ್ಟುತ್ತದೆ. ಆದ್ದರಿಂದ ಕುರಿಗಳ ಮಾತು ಸಾಗುತ್ತದೆ.

ಆ ಮಕ್ಕಳೂ ಒಂದು ಕಡೆಯಿಂದ ನೋಡುತ್ತಲೇ ಇರುತ್ತಾರೆ. ೧೯೮೩ರಲ್ಲಿ ಆರಂಭವಾದ ಯು. ಕೆ. ಕನ್ನಡ ಬಳಗವು ಯುಗಾದಿಗೆ, ದೀಪಾವಳಿಗೆ ಅಲ್ಲಿಯ ಕನ್ನಡ ಕುಟುಂಬಗಳನ್ನು ಒಟ್ಟುಗೂಡಿಸುತ್ತ ಬಂದಿದೆ. ಅಂಥ ಕೂಟದಲ್ಲಿ ಬೇವು ಬೆಲ್ಲ ಹಂಚುವ ಯಾವಳೋ ತಾಯಿಯ ಮನಸ್ಸಿನಲ್ಲಿ ಆ ಕ್ಷಣ ಡ್ಯಾಫೊಡಿಲ್ ಇರುವುದಿಲ್ಲ. ಜ್ಞಾನಭಾರತಿಯ ದಾರಿಯ ಮೇಲೆ ಉದುರಿದ ಹೊಂಗೆಯ ಹೂವು ಇರುತ್ತದೆ. ಅವಳ ಪಾಲಿಗೆ ದೂರದ ಹಸಿರು ಇದೇ.

ಅವಳು ರಜೆಯಲ್ಲಿ ಮಗಳೊಂದಿಗೆ ಬರುತ್ತಾಳೆ. ಒಂದು ಬೆಳಿಗ್ಗೆ ಅಜ್ಜ ಅದೇ ಪುಟ್ಟ ಕೈಯನ್ನು ಹಿಡಿದು ಈ ಮರಗಳ ಕೆಳಗೆ ನಡೆಯುತ್ತಾನೆ. ಈ ಸಲ ಹೂಗಳ ಹೆಸರನ್ನು ಕಲಿಸುವ ಸರದಿ ಅವನದು. ಆ ದಿನಕ್ಕಾಗಿ ಈ ಮರಗಳು ಇರಬೇಕು, ಈ ದಾರಿ ಇರಬೇಕು.